ಹೋದ ಸಲ ಹೇಳಿದ್ದು ಏನಾಯ್ತು?

ಪ್ರಶ್ನೆ: ನಾನು ಜಗಳೂರು ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಮಟ್ಟದ ಮಹಿಳಾ ಒಕ್ಕೂಟದಲ್ಲಿ ಎಂಬಿಕೆ, ಅಂದರೆ ಮುಖ್ಯ ಪುಸ್ತಕ ಬರಹಗಾರ್ತಿ. ಗ್ರಾಮಸಭೆ ಇದ್ದಾಗಲೆಲ್ಲ ಪಂಚಾಯಿತಿಯಿಂದ ಫೋನ್ ಬರುತ್ತದೆ, ‘ಸಂಘದ ಹೆಣ್ಣುಮಕ್ಕಳನ್ನ ಕರ್ಕೊಂಡು ಬನ್ನಿ’ ಅಂತ. ಹೋಗುತ್ತೇವೆ, ಸಹಿ ಹಾಕುತ್ತೇವೆ, ಟೀ ಕುಡಿದು ಬರುತ್ತೇವೆ. ಮನೆ ಪಟ್ಟಿ ಓದುವಾಗ ಮಾತ್ರ ಗಲಾಟೆ. ಉಳಿದದ್ದೆಲ್ಲ ಮೊದಲೇ ತೀರ್ಮಾನ ಆಗಿರುತ್ತದೆ. ಈಗ ಸಂಘದವರು ‘ಸುಮ್ನೆ ಒಂದು ದಿನದ ಕೂಲಿ ಹಾಳು’ ಎಂದು ಬರುವುದನ್ನೇ ಬಿಟ್ಟಿದ್ದಾರೆ. ಜನ ಬರುವ ಹಾಗೆ, ಬಂದವರ ಮಾತಿಗೆ ಬೆಲೆ ಸಿಗುವ ಹಾಗೆ ಮಾಡುವುದು ಹೇಗೆ? ದಾವಣಗೆರೆಯಲ್ಲಿರುವ ನನ್ನ ತಂಗಿಯೂ ಅವಳ ವಾರ್ಡಿನ ಬಗ್ಗೆ ಇದನ್ನೇ ಕೇಳುತ್ತಾಳೆ.

ಉತ್ತರ: ‘ಕೂಲಿ ಹಾಳು’ ಎಂದವರ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವರ ಲೆಕ್ಕ ಸರಿಯಾಗಿದೆ. ಹೋದರೂ ಅದೇ, ಹೋಗದಿದ್ದರೂ ಅದೇ ಎನ್ನುವ ಕಡೆಗೆ ಕೂಲಿ ಬಿಟ್ಟು ಯಾರು ಹೋಗುತ್ತಾರೆ?

‘ಜನಕ್ಕೆ ಆಸಕ್ತಿಯೇ ಇಲ್ಲ’ ಎನ್ನುವ ಮಾತನ್ನು ನಾನು ಪಂಚಾಯಿತಿ ತರಬೇತಿಗಳಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಆಸಕ್ತಿ ಇಲ್ಲದ ಜನ ಇವರಲ್ಲ. ಜಗಳೂರಿನ 57 ಕೆರೆ ತುಂಬಿಸುವ ಯೋಜನೆಗೆ ದನಿ ಎತ್ತಿದ್ದು ನಿಮ್ಮ ತಾಲ್ಲೂಕಿನ ಜನರೇ ಅಲ್ವಾ? ಸೋಮವಾರ ಸಿರಿಗೆರೆಗೆ ಹೋಗಿ ನೋಡಿ. ಅಲ್ಲಿನ ಮಠದ ಸದ್ಧರ್ಮ ನ್ಯಾಯಪೀಠದ ಮುಂದೆ ಹೊಲದ ಬದುವಿನ ಜಗಳ, ಅಣ್ಣ ತಮ್ಮಂದಿರ ಪಾಲು, ಎಲ್ಲವನ್ನೂ ಎಲ್ಲರೆದುರು ನಿಂತು ಹೇಳುತ್ತಾರೆ. ಯಾಕೆಂದರೆ ಅಲ್ಲಿ ಹೇಳಿದ್ದಕ್ಕೆ ಏನಾದರೂ ಒಂದು ಉತ್ತರ ಸಿಗುತ್ತದೆ. ಹೌದೋ ಅಲ್ಲವೋ, ಒಂದು ಮಾತು. ಗ್ರಾಮಸಭೆಯಲ್ಲಿ ಅದೇ ಇಲ್ಲ.

ನಿಮಗೆ ಫೋನ್ ಯಾಕೆ ಬರುತ್ತದೆ ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮ ರಾಜ್ಯದ ಕಾನೂನಿನ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಂದು ಸಲವಾದರೂ ನಡೆಯಬೇಕು. ಅದಕ್ಕೆ ಕೋರಂ, ಅಂದರೆ ಕನಿಷ್ಠ ಇಷ್ಟು ಜನ ಇರಲೇಬೇಕು ಎನ್ನುವ ಲೆಕ್ಕ, ಇದೆ: ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 100 ಜನ, ಯಾವುದು ಕಡಿಮೆಯೋ ಅಷ್ಟು. ವಾರ್ಡ್ ಸಭೆಗಾದರೆ ಹತ್ತರಲ್ಲಿ ಒಂದು ಅಥವಾ 20 ಜನ. ಬಂದವರಲ್ಲಿ ಶೇ 30ರಷ್ಟಾದರೂ ಹೆಂಗಸರು ಇರಬೇಕು. ಸಂಘದವರು ಒಂದು ಟೆಂಪೋದಲ್ಲಿ ಬಂದರೆ ಇದೆಲ್ಲ ಒಂದೇ ಏಟಿಗೆ ಆಗಿಹೋಗುತ್ತದೆ. ನೀವು ಅವರಿಗೆ ಬೇಕಾಗಿರುವುದು ತಲೆ ಎಣಿಕೆಗೆ. ಕೇಳಲು ಕಹಿ, ಆದರೆ ನಿಮ್ಮ ಶಕ್ತಿ ಇರುವುದೂ ಇಲ್ಲೇ. ನೀವು ಬಾರದೆ ಅವರ ಪುಸ್ತಕ ತುಂಬುವುದಿಲ್ಲ. ಹಾಗಾಗಿ ‘ಬರುತ್ತೇವೆ, ಆದರೆ ಸಭೆ ಹೋದ ಸಲದ ನಡಾವಳಿ ಓದುವುದರಿಂದ ಶುರುವಾಗಬೇಕು’ ಎಂದು ಹೇಳುವ ಜಾಗದಲ್ಲಿ ನೀವಿದ್ದೀರಿ.

ಈ ಮಾತನ್ನು ನನಗೆ ಕಲಿಸಿದ್ದು ಹೊಳಲ್ಕೆರೆ ಕಡೆಯ ಒಂದು ಹಳ್ಳಿಯ ಅಜ್ಜಿ. ತುಂಬಾ ವರ್ಷದ ಹಿಂದಿನ ಮಾತು. ಶಾಲೆಯ ಮುಂದೆ ಶಾಮಿಯಾನ, ನೋಡಲ್ ಅಧಿಕಾರಿ, ಹಾರ, ಪ್ರಾರ್ಥನೆ, ಇಲಾಖೆಯವರು ಒಬ್ಬೊಬ್ಬರಾಗಿ ಯೋಜನೆ ಓದುವುದು, ಎಲ್ಲ ನಡೆಯುತ್ತಿತ್ತು. ಅಜ್ಜಿ ಎದ್ದು, ‘ಹೋದ ಸಲ ನಮ್ ಕೇರಿ ಚರಂಡಿ ಬರ್ಕೊಂಡಿದ್ರಲ್ಲ, ಅದೇನಾತು?’ ಎಂದರು. ಪಿಡಿಒ ಪುಟ ತಿರುವಿದರು. ಮತ್ತೆ ತಿರುವಿದರು. ಚರಂಡಿ ಬರೆದೇ ಇರಲಿಲ್ಲ. ಅದನ್ನು ಯಾರೂ ಬೇಕಂತ ಬಿಟ್ಟಿರಲಿಕ್ಕಿಲ್ಲ. ನಡಾವಳಿಯನ್ನು ಸಭೆ ಮುಗಿದು ಮೂರು ದಿನಕ್ಕೆ ಆಫೀಸಿನಲ್ಲಿ ಕುಳಿತು ನೆನಪಿನಿಂದ ಬರೆದರೆ ಹೀಗೇ ಆಗುವುದು. ಆ ಸಭೆಯಲ್ಲಿ ಆಮೇಲೆ ಯಾರೂ ಯೋಜನೆ ಕೇಳಲಿಲ್ಲ. ಎಲ್ಲರೂ ಅವರವರ ‘ಹೋದ ಸಲ’ ಕೇಳಿದರು.

ಅವತ್ತಿನಿಂದ ನಾನು ಸಭೆ ನಡೆಸುವುದು ಹೇಗೆ ಎಂದು ಪಾಠ ಮಾಡುವುದನ್ನು ಕಡಿಮೆ ಮಾಡಿದೆ. ಕೆಡುವುದು ಸಭೆಯ ಹಿಂದಿನ ತಿಂಗಳಲ್ಲಿ ಮತ್ತು ಮುಂದಿನ ತಿಂಗಳಲ್ಲಿ. ನಡುವಿನ ಎರಡು ಗಂಟೆ ಕೈಗೆ ಸಿಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಹಿಂದಿನ ತಿಂಗಳ ವಿಚಾರಕ್ಕೆ ಬರೋಣ. ಜನರಿಗೆ ಗೊತ್ತಿರಬೇಕಾದ ಮೊದಲ ಸಂಗತಿ ದುಡ್ಡು. ಎಷ್ಟಿದೆ, ಅದರಲ್ಲಿ ಎಷ್ಟು ನಮ್ಮ ಇಷ್ಟದಂತೆ ಖರ್ಚು ಮಾಡಬಹುದು? ಇದು ಗೊತ್ತಿಲ್ಲದೆ ಸಭೆಗೆ ಹೋದರೆ ಎಲ್ಲರೂ ಸಿಸಿ ರಸ್ತೆ ಕೇಳುತ್ತಾರೆ, ಪಂಚಾಯಿತಿಯವರು ಎಲ್ಲದಕ್ಕೂ ‘ಅನುದಾನ ಬಂದಾಗ ನೋಡೋಣ’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಒಂದು ಉದಾಹರಣೆ ಕೊಡುತ್ತೇನೆ. 15ನೇ ಹಣಕಾಸು ಆಯೋಗದ 2021ರಿಂದ 2026ರವರೆಗಿನ ಅನುದಾನದಲ್ಲಿ ಶೇ 60 ಭಾಗವನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿದ್ದರು. ಅಂದರೆ ನೂರು ರೂಪಾಯಿಯಲ್ಲಿ ಅರವತ್ತು ನೀರು, ಚರಂಡಿ, ಕಸಕ್ಕೆ. ಉಳಿದ ನಲವತ್ತಕ್ಕೆ ರಸ್ತೆ ಕೇಳುವವರು ಊರು ತುಂಬ. ಅರವತ್ತರ ಬಗ್ಗೆ ಮಾತಾಡಬೇಕಾದವರು ಬಿಂದಿಗೆ ಹಿಡಿದು ನಿಲ್ಲುವ ಹೆಂಗಸರು, ಅವರು ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿರುತ್ತಾರೆ. ನನಗೆ ಇದು ಯಾವಾಗಲೂ ಹೊಟ್ಟೆ ಉರಿಸುವ ವಿಷಯ. ಸಂಶೋಧಕರಾದ ಎಸ್ತರ್ ಡುಫ್ಲೊ ಮತ್ತು ರಾಘಬೇಂದ್ರ ಚಟ್ಟೋಪಾಧ್ಯಾಯ ಪಶ್ಚಿಮ ಬಂಗಾಳದ ಬೀರ್‌ಭೂಮ್ ಮತ್ತು ರಾಜಸ್ಥಾನದ ಉದಯಪುರದ ಪಂಚಾಯಿತಿಗಳನ್ನು ನೋಡಿ 2004ರಲ್ಲಿ ಬರೆದದ್ದೂ ಇದನ್ನೇ: ಮಹಿಳಾ ಮೀಸಲಾತಿಯಲ್ಲಿ ಹೆಂಗಸರು ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಜಾಸ್ತಿ ದುಡ್ಡು ಹೋಗಿತ್ತು. ನಮ್ಮ ಪಂಚಾಯಿತಿಗಳಲ್ಲಿ ಅರ್ಧ ಸೀಟು ಹೆಂಗಸರದು. ಮಾತು ಮಾತ್ರ ಇನ್ನೂ ಅರ್ಧಕ್ಕೆ ಬಂದಿಲ್ಲ.

ದುಡ್ಡಿನ ಲೆಕ್ಕಕ್ಕೆ ಯಾರನ್ನೂ ಬೇಡಬೇಕಾಗಿಲ್ಲ. ಇ-ಗ್ರಾಮ ಸ್ವರಾಜ್ ಪೋರ್ಟಲ್‌ನಲ್ಲಿ ನಿಮ್ಮ ಪಂಚಾಯಿತಿಯ ಹೆಸರು ಹುಡುಕಿದರೆ ಕ್ರಿಯಾ ಯೋಜನೆ, ಖರ್ಚು ಎರಡೂ ಕಾಣುತ್ತವೆ. ನೀವು ಎಂಬಿಕೆ. ಸಂಘದ ಸಾಲ, ಬಡ್ಡಿ, ಕಂತು ಬರೆಯುವ ಕೈಗೆ ಈ ಲೆಕ್ಕ ದೊಡ್ಡದಲ್ಲ. ಅದನ್ನು ಒಂದು ಡ್ರಾಯಿಂಗ್ ಶೀಟಿನಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಅಂಗನವಾಡಿ ಗೋಡೆಗೆ ಅಂಟಿಸಿ. ‘ಈ ವರ್ಷ ಬಂದದ್ದು ಇಷ್ಟು, ನೀರಿಗೆ ಇಷ್ಟು, ಉಳಿದದ್ದು ಇಷ್ಟು.’ ಬೈಗುಳ, ಆರೋಪ ಏನೂ ಬೇಡ. ಬರೀ ಅಂಕಿ. ಊರಲ್ಲಿ ಮಾತು ತಾನೇ ಶುರುವಾಗುತ್ತದೆ.

ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ, ಅಂದರೆ ಊರಿನವರೇ ಯೋಜನೆ ಮಾಡುವ ಪದ್ಧತಿ, ಶುರು ಮಾಡಿದಾಗಲೂ ಗುಟ್ಟು ಇದೇ. ರಾಜ್ಯದ ಯೋಜನಾ ಹಣದ ಮೂರನೇ ಒಂದು ಪಾಲಿಗಿಂತ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಎಂದು ಮೊದಲೇ ಹೇಳಿದರು, ಆಮೇಲೆ ಜನರನ್ನು ಸಭೆಗೆ ಕರೆದರು. ನಮ್ಮಲ್ಲಿ ಕರೆಯುವುದು ಮೊದಲು, ದುಡ್ಡು ಆಮೇಲೆ. ಪಂಚಾಯತ್ ರಾಜ್ ಸಚಿವರಾಗಿದ್ದ ನಜೀರ್ ಸಾಬ್ ಕಾಲದಲ್ಲಿ 1983ರ ಪಂಚಾಯಿತಿ ಕಾಯ್ದೆ ತಂದು, 1987ರಲ್ಲಿ ಅದರಂತೆ ಚುನಾವಣೆಯನ್ನೂ ಮಾಡಿ ದೇಶಕ್ಕೆ ದಾರಿ ತೋರಿಸಿದ ರಾಜ್ಯ ನಮ್ಮದು ಎನ್ನುವುದು ನೆನಪಾದಾಗ ಸ್ವಲ್ಪ ನಾಚಿಕೆಯೂ ಆಗುತ್ತದೆ.

ಇನ್ನು ಜಾಗ ಮತ್ತು ಹೊತ್ತು. ಇದನ್ನು ಯಾವ ಸುತ್ತೋಲೆಯೂ ಸರಿಯಾಗಿ ಬರೆಯುವುದಿಲ್ಲ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಎಂದರೆ ಕೂಲಿಯವರು ಬರಬೇಡಿ ಎಂದ ಹಾಗೆ. ಮೆಕ್ಕೆಜೋಳ ಮುರಿಯುವ ಕಾಲದಲ್ಲಂತೂ ಊರಲ್ಲಿ ಮುದುಕರು, ಮಕ್ಕಳು ಮಾತ್ರ ಇರುತ್ತಾರೆ. ದೇವಸ್ಥಾನದ ಕಟ್ಟೆ ಮೇಲೆ ಸಭೆ ಇಟ್ಟರೆ ಯಾರು ಕಟ್ಟೆ ಮೇಲೆ ಕೂರುತ್ತಾರೆ, ಯಾರು ಕೆಳಗೆ ದೂರ ನಿಲ್ಲುತ್ತಾರೆ ಎನ್ನುವುದು ನಿಮಗೇ ಗೊತ್ತು. ಮುಟ್ಟಾದ ಹೆಣ್ಣುಮಕ್ಕಳು ಆ ಕಡೆ ಬರುವುದೇ ಇಲ್ಲ. ಕೆಳಗೆ ನಿಂತವನು ಕಟ್ಟೆ ಮೇಲಿನವನಿಗೆ ಎದುರು ಮಾತಾಡುತ್ತಾನೆಯೇ? ಅಂಗನವಾಡಿ, ಶಾಲೆ, ಸಮುದಾಯ ಭವನ ವಾಸಿ. ದೊಡ್ಡ ಗ್ರಾಮಸಭೆಗಿಂತ ಮೊದಲು ಒಂದೊಂದು ಹಟ್ಟಿಯಲ್ಲಿ, ಒಂದೊಂದು ಕೇರಿಯಲ್ಲಿ ಸಂಜೆ ಏಳರ ಮೇಲೆ ಕೂರುವುದು ಇನ್ನೂ ವಾಸಿ. ಕಾನೂನಿನಲ್ಲಿ ವಾರ್ಡ್ ಸಭೆ ಇರುವುದು ಅದಕ್ಕೇ. ಸಭೆಗೆ ಜನ ಬರುವುದಿಲ್ಲ ಎನ್ನುವ ಕಡೆ ನಾನು ಕೇಳುವ ಪ್ರಶ್ನೆ ಒಂದೇ: ವಾರ್ಡ್ ಸಭೆ ನಿಜವಾಗಿ ಮಾಡಿದ್ರಾ, ಪುಸ್ತಕದಲ್ಲಿ ಮಾಡಿದ್ರಾ?

ಅಲ್ಲಿ ಮಾತಾಡದವರ ಬಾಯಿ ಬಿಡಿಸುವುದು ಹೇಗೆ? ಬಾಯಿ ಬಿಡಿಸಲೇಬೇಕು ಎಂದೇನೂ ಇಲ್ಲ. ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಊರಿನ ಬೀದಿ ಬರೆಯಿರಿ. ನಲ್ಲಿ ಎಲ್ಲಿ, ನೀರು ಎಲ್ಲಿಗೆ ಬರುವ ಹೊತ್ತಿಗೆ ನಿಲ್ಲುತ್ತದೆ, ದೀಪ ಎಲ್ಲಿಲ್ಲ, ಗುರುತು ಹಾಕಲಿ. ರಂಗೋಲಿ ಹಿಡಿದ ಹೆಂಗಸರನ್ನು ‘ನಿನಗೇನು ಗೊತ್ತು’ ಎಂದು ಯಾರೂ ಹೇಳುವುದಿಲ್ಲ. ಆಮೇಲೆ ಒಬ್ಬೊಬ್ಬರಿಗೆ ಐದು ಕಾಳು ಕೊಡಿ. ಯಾವುದು ಮೊದಲು ಆಗಬೇಕೋ ಅಲ್ಲಿ ಹಾಕಲಿ. ನಾನು ಮೊದಮೊದಲು ಶೇಂಗಾ ಕೊಡುತ್ತಿದ್ದೆ. ಎಣಿಸುವ ಹೊತ್ತಿಗೆ ಹುಡುಗರು ಅರ್ಧ ಮತ ತಿಂದಿರುತ್ತಿದ್ದರು. ಈಗ ಮೆಕ್ಕೆಜೋಳ.

ಒಂದು ಎಚ್ಚರ. ಇಡೀ ಊರಿನ ಕಾಳು ಒಟ್ಟಿಗೆ ಎಣಿಸಬೇಡಿ. ನಾನೂರು ಮನೆಯ ದೊಡ್ಡ ಊರು, ಮೂವತ್ತು ಮನೆಯ ಹಟ್ಟಿ ಒಂದೇ ಪಂಚಾಯಿತಿಯಲ್ಲಿದ್ದರೆ ಹಟ್ಟಿ ಯಾವತ್ತೂ ಸೋಲುತ್ತದೆ. ಹಟ್ಟಿಗೆ ನೀರಿನ ಟ್ಯಾಂಕರ್ ಬೇಕು, ದೊಡ್ಡ ಊರಿಗೆ ಮಹಾದ್ವಾರ ಬೇಕು ಎಂದಾಗ ಬಹುಮತ ಮಹಾದ್ವಾರಕ್ಕೇ ಬೀಳಬಹುದು. ಕೇರಿ ಕೇರಿಗೆ, ಹೆಂಗಸರು ಗಂಡಸರಿಗೆ ಬೇರೆ ಬೇರೆ ಎಣಿಕೆ ಇಟ್ಟುಕೊಂಡು ಎಲ್ಲವನ್ನೂ ಸಭೆಗೆ ತನ್ನಿ. ಜಾಸ್ತಿ ಕೈ ಎತ್ತಿದ್ದೇ ನ್ಯಾಯ ಎನ್ನುವವರು ಪಾಲ್ಗೊಳ್ಳುವಿಕೆ ಎಂಬ ಹೆಸರಿನಲ್ಲಿ ಹಳೆಯ ದಬ್ಬಾಳಿಕೆಗೇ ಹೊಸ ಬಣ್ಣ ಬಳಿಯುತ್ತಾರೆ.

ಇದನ್ನೆಲ್ಲ ತಲುಪಿಸಲು ನಿಮಗೆ ಒಂದು ದಾರಿ ಈಗಾಗಲೇ ಇದೆ. ಒಕ್ಕೂಟದಿಂದ ವಿಪಿಆರ್‌ಪಿ (ಊರಿನ ಬಡತನ ಕಡಿಮೆ ಮಾಡಲು ಸಂಘಗಳು ಮಾಡುವ ಬೇಡಿಕೆಗಳ ಯೋಜನೆ) ಬರೆದು ಗ್ರಾಮಸಭೆಗೆ ಕೊಡುತ್ತೀರಲ್ಲ, ಅದು. ತುಂಬಾ ಕಡೆ ಅದನ್ನು ಮೇಲಿನಿಂದ ಬಂದ ನಮೂನೆ ಎಂದು ಒಂದೇ ಮಧ್ಯಾಹ್ನದಲ್ಲಿ ತುಂಬಿ ಕಳಿಸುತ್ತಾರೆ. 2018ರಿಂದ ಮುಂದಿನ ವರ್ಷದ ಯೋಜನೆಯ ಕೆಲಸ ಅಕ್ಟೋಬರ್ 2ರ ಸುಮಾರಿಗೆ ಅಭಿಯಾನವಾಗಿ ಶುರುವಾಗುತ್ತದೆ. ಕೇರಿ ಸಭೆಗಳನ್ನು ಸೆಪ್ಟೆಂಬರ್‌ನಲ್ಲಿ ಮುಗಿಸಿಕೊಂಡರೆ ರಂಗೋಲಿ, ಕಾಳು ಎಲ್ಲ ಆ ನಮೂನೆಯೊಳಗೆ ಕೂರುತ್ತವೆ. ಜನವರಿಯಲ್ಲಿ ಹೋಗಿ ಕೂಗಿದರೆ ಅಡುಗೆ ಇಳಿಸಿದ ಮೇಲೆ ಉಪ್ಪು ಹುಡುಕಿದ ಹಾಗೆ.

ಸಭೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಾಲ್ಕು ಜನ ನಾಲ್ಕು ಕಡೆ ಕೂತುಕೊಳ್ಳಿ, ಒಂದೇ ಕಡೆ ಗುಂಪಾಗಿ ಬೇಡ. ಒಬ್ಬರು ಮಾತಾಡಿದ್ದನ್ನು ಇನ್ನೊಬ್ಬರು ಎದ್ದು ‘ನಮ್ಮದೂ ಅದೇ’ ಎನ್ನಲಿ. ಮನೆ ಪಟ್ಟಿಯನ್ನು ಕೊನೆಗೆ ಇಡಿ ಎಂದು ಮೊದಲೇ ಕೇಳಿ. ಅದು ಮೊದಲು ಬಂದರೆ ಅರ್ಧ ಜನ ಎದ್ದು ಹೋಗುತ್ತಾರೆ, ಉಳಿದರ್ಧ ಜಗಳದಲ್ಲಿರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಖಾಲಿ ಹಾಳೆಗೆ ಸಹಿ ಹಾಕಬೇಡಿ. ಠರಾವು ಬರೆದು, ಅಲ್ಲೇ ಓದಿ ಹೇಳಿದ ಮೇಲೆ ಅದರ ಕೆಳಗೆ ಸಹಿ. ಹಾಜರಾತಿಗೆ ಬೇರೆ ಪುಟ ಇರಲಿ. ‘ಟೈಮ್ ಆಗುತ್ತೆ’ ಎಂದರೆ ‘ಕಾಯ್ತೀವಿ’ ಎನ್ನಿ. ನೂರು ಜನರ ಸಹಿ ಬೇಕಾದವರು ಅರ್ಧ ಗಂಟೆ ಬರೆಯಲು ಕೂರುತ್ತಾರೆ.

ಇನ್ನು ಮುಂದಿನ ತಿಂಗಳು. ನಾವೆಲ್ಲ ಸೋಲುವುದು ಇಲ್ಲಿ. ಸಭೆ ಮುಗಿದ ವಾರದಲ್ಲಿ ಒಂದು ಅರ್ಜಿ ಕೊಡಿ: ಇಂಥ ದಿನದ ಸಭೆಯಲ್ಲಿ ಇಂಥ ವಿಷಯ ಬಂತು, ಅದರ ಮೇಲೆ ಏನು ಕ್ರಮ, ತಿಳಿಸಿ. ಟಪಾಲಿಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಆಗುವುದಿಲ್ಲ ಎಂದರೆ ಯಾಕೆ ಆಗುವುದಿಲ್ಲ ಎಂದು ಹಿಂಬರಹ ಕೇಳಿ. ‘ಇಲ್ಲ’ ಎನ್ನುವ ಹಿಂಬರಹವೂ ಒಳ್ಳೆಯದೇ. ಅದನ್ನು ಮುಂದಿನ ಸಭೆಯಲ್ಲಿ ಓದಬಹುದು, ತಾಲ್ಲೂಕು ಪಂಚಾಯಿತಿಗೆ ಒಯ್ಯಬಹುದು. ‘ನೋಡೋಣ’ ಎನ್ನುವ ಮಾತನ್ನು ಎಲ್ಲಿಗೂ ಒಯ್ಯಲು ಆಗುವುದಿಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ಎಂಬ ಊರು 1989ರಲ್ಲಿ ಜನರೇ ಬಜೆಟ್ ಮಾಡುವ ಪದ್ಧತಿ ಶುರು ಮಾಡಿ ಜಗತ್ತಿಗೆಲ್ಲ ಹೆಸರಾಯಿತು. ಅಲ್ಲಿ ಪ್ರತಿ ವರ್ಷದ ಮೊದಲ ಸುತ್ತಿನ ಸಭೆಗಳಲ್ಲಿ ಆಗುತ್ತಿದ್ದುದು ಹೊಸ ಬೇಡಿಕೆಯಲ್ಲ, ಹೋದ ವರ್ಷ ಒಪ್ಪಿದ್ದು ಎಷ್ಟಾಯಿತು ಎನ್ನುವ ಲೆಕ್ಕ. ನಮ್ಮ ಹೊಳಲ್ಕೆರೆ ಅಜ್ಜಿಯ ಪ್ರಶ್ನೆಯೇ ಅದು, ಅಲ್ವಾ?

ನಮ್ಮಲ್ಲೂ ಲೆಕ್ಕ ಕೇಳುವ ದಿನ ಒಂದಿದೆ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದೊಳಗೆ ನಡೆಯುವ ಜಮಾಬಂದಿ. ಹಿಂದಿನ ವರ್ಷದ ಖರ್ಚಿನ ಪುಸ್ತಕವನ್ನು ಜನರ ಮುಂದೆ ಇಟ್ಟು, ಕಾಮಗಾರಿಗಳನ್ನೂ ತೋರಿಸಬೇಕು. ಗ್ರಾಮಸಭೆಗೆ ಬರುವವರಲ್ಲಿ ಕಾಲು ಭಾಗವೂ ಇದಕ್ಕೆ ಬಂದದ್ದನ್ನು ನಾನು ನೋಡಿಲ್ಲ. ನಿಮ್ಮ ಒಕ್ಕೂಟದ ಹತ್ತು ಜನ ಪುಸ್ತಕ ಹಿಡಿದು ಬಂದರೆ ಅವತ್ತಿನ ಸಭೆಯ ಬಣ್ಣವೇ ಬೇರೆ.

‘ಹಾಗಾದರೆ ಸಭೆಯನ್ನೇ ಬಹಿಷ್ಕಾರ ಮಾಡಿಬಿಟ್ಟರೆ?’ ಎಂದು ಕೆಲವರು ಕೇಳುತ್ತಾರೆ. ಗ್ರಾಮಸಭೆಯಲ್ಲಿ ಅದು ಒಂದು ಸಲ ನಡೆಯಬಹುದು, ಕೋರಂ ಇದೆಯಲ್ಲ. ಆದರೆ ಎಲ್ಲ ಸಭೆಗೂ ಈ ಲೆಕ್ಕ ಹೊಂದುವುದಿಲ್ಲ. ಗಣಿ, ಕಾರ್ಖಾನೆಗೆ ಪರಿಸರ ಅನುಮತಿ ಕೊಡುವ ಮೊದಲು ನಡೆಯುವ ಸಾರ್ವಜನಿಕ ಅಹವಾಲು ಸಭೆಗೆ 2006ರ ಅಧಿಸೂಚನೆಯ ಪ್ರಕಾರ ಕೋರಂ ಇಲ್ಲವೇ ಇಲ್ಲ. ಹತ್ತು ಜನ ಬಂದರೂ ಸಭೆ ಆಯಿತೆಂದೇ ಲೆಕ್ಕ. ಹೊಸದುರ್ಗ, ಹೊಳಲ್ಕೆರೆ ಕಡೆಯ ಗಣಿ ಊರುಗಳವರು ಇದನ್ನು ನೆನಪಿಡಬೇಕು. ಅಲ್ಲಿಗೆ ಹೋಗಲೇಬೇಕು, ಹೋಗಿ ಬರೆದೇ ಕೊಡಬೇಕು. 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಅದನ್ನು ಕಣ್ಣಿಟ್ಟು ಕಾಯಬೇಕು.

ಕೇಳದೇ ತೀರ್ಮಾನ ಮಾಡಿದರೆ ಏನಾಗುತ್ತದೆ ಎನ್ನುವುದಕ್ಕೆ ದೂರ ಹೋಗಬೇಕಾಗಿಲ್ಲ. ಪಕ್ಕದ ಚಳ್ಳಕೆರೆ ತಾಲ್ಲೂಕಿನ ಅಮೃತಮಹಲ್ ಕಾವಲಿನ 9 ಸಾವಿರ ಎಕರೆಗೂ ಹೆಚ್ಚು ಜಾಗ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶದ ಸಂಸ್ಥೆಗಳಿಗೆ ಮತ್ತು ಇತರರಿಗೆ ಹೋಯಿತು. ದೇಶಕ್ಕೆ ಆ ಸಂಸ್ಥೆಗಳು ಬೇಕು ಎನ್ನುವುದರಲ್ಲಿ ನನಗೆ ತಕರಾರಿಲ್ಲ. ಆದರೆ ಆ ಹುಲ್ಲಿನ ಮೇಲೆ ಕುರಿ, ದನ ಸಾಕಿಕೊಂಡಿದ್ದ ಊರುಗಳವರ ಪ್ರಶ್ನೆ ‘ನಮ್ಮನ್ನು ಕೇಳಿದ್ದು ಯಾವಾಗ?’ ಎನ್ನುವುದಾಗಿತ್ತು. ವಿಷಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಊರಿನಲ್ಲಿ ಮೊದಲೇ ಕೂತು ಮಾತಾಡಿದ್ದರೆ ದನ ಹೋಗುವ ದಾರಿ, ಕೆರೆ, ಮೇವಿನ ಜಾಗ ಇವುಗಳನ್ನಾದರೂ ಗೋಡೆ ಕಟ್ಟುವ ಮೊದಲು ಗುರುತು ಮಾಡಬಹುದಿತ್ತು.

ನಿಮ್ಮ ತಂಗಿಗೆ ಚಿಕ್ಕ ಉತ್ತರ. ಪಟ್ಟಣದಲ್ಲಿ ಗ್ರಾಮಸಭೆ ಇಲ್ಲ, ಅದೇ ದೊಡ್ಡ ಕೊರತೆ. ಆದರೆ 3 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕು ಎಂದು 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಹೇಳುತ್ತದೆ. ದಾವಣಗೆರೆಯಲ್ಲಿ 2011ರ ಜನಗಣತಿಯ ಹೊತ್ತಿಗೇ 4.3 ಲಕ್ಷ ದಾಟಿತ್ತು. ಪಾಲಿಕೆಯಲ್ಲಿ 45 ವಾರ್ಡು. ರಾಜ್ಯದ ಪಾಲಿಕೆ ಕಾಯ್ದೆಗೂ 2011ರಲ್ಲಿ ವಾರ್ಡ್ ಸಮಿತಿ, ಏರಿಯಾ ಸಭೆ ಸೇರಿವೆ. ತಂಗಿ ಪಾಲಿಕೆಗೆ ಬರೆದು ಕೇಳಬೇಕಾದದ್ದು ಎರಡೇ: ನಮ್ಮ ವಾರ್ಡಿಗೆ ಸಮಿತಿ ಇದೆಯೇ, ಇದ್ದರೆ ಅದರ ಕೊನೆಯ ಸಭೆಯ ನಡಾವಳಿ ಕೊಡಿ. ಒಬ್ಬರೇ ಕೇಳುವುದಕ್ಕಿಂತ ಬೀದಿಯ ಹತ್ತು ಮನೆಯವರು ಸೇರಿ ಬರೆದರೆ ಚೆನ್ನ. ಸ್ಮಾರ್ಟ್ ಸಿಟಿಗೆ 2016ರ ಮೊದಲ ಪಟ್ಟಿಯಲ್ಲೇ ಆಯ್ಕೆಯಾದ ಊರು ನಮ್ಮದು, ಬೆಣ್ಣೆದೋಸೆ ಅಂಗಡಿಯಲ್ಲಿ ಕೂತು ರಸ್ತೆ ಅಗೆತದ ಬಗ್ಗೆ ನಾವು ಮಾಡುವ ಚರ್ಚೆಯಲ್ಲಿ ಕಾಲುಭಾಗ ಕಾಗದದ ಮೇಲೆ ಹೋಗಿದ್ದರೂ ಸಾಕಿತ್ತು.

ಇನ್ನು ಈ ವಾರ ಏನು ಮಾಡಬೇಕು? ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಳ್ಳಬೇಡಿ. ಹೋದ ಗ್ರಾಮಸಭೆಯ ನಡಾವಳಿಯ ನಕಲು ಕೇಳಿ, ಅಷ್ಟೇ. ಮೊದಲು ಬಾಯಿಮಾತಲ್ಲಿ, ನಗುನಗುತ್ತಾ. ಪಿಡಿಒ ಕೊಟ್ಟರೆ ಸರಿ. ತುಂಬಾ ಪಿಡಿಒಗಳು ಕೊಡುತ್ತಾರೆ, ಎಲ್ಲರನ್ನೂ ಅನುಮಾನದಿಂದ ನೋಡುವುದು ಬೇಡ. ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ, ಹಾಗಾಗಿ ಸಂಘದ ಅಂಥ ಒಬ್ಬರ ಹೆಸರಲ್ಲೇ ಹಾಕಿಸಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಉತ್ತರಕ್ಕೆ 30 ದಿನ. ಪುಟ ಕೈಗೆ ಬಂದ ಮೇಲೆ ಸಂಘದ ವಾರದ ಸಭೆಯಲ್ಲಿ ಜೋರಾಗಿ ಓದಿ. ನಿಮ್ಮವರು ಅವತ್ತು ಹೇಳಿದ್ದರಲ್ಲಿ ಯಾವುದು ಅದರಲ್ಲಿದೆ, ಯಾವುದು ಇಲ್ಲ, ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಗುರುತು ಮಾಡಿ ಇಟ್ಟುಕೊಳ್ಳಿ. ಆ ಪುಟದ ಜೊತೆ ಮತ್ತೆ ನನಗೆ ಬರೆಯಿರಿ.